ತೆನೆ ಬರೆದ ಬೋರ್ಡು

ಖಾನಾಪುರದ ಬಸ್ ನಿಲ್ದಾಣದಲ್ಲಿ ಇವತ್ತು ನಿಂತರೆ ಕಣ್ಣು ಎಲ್ಲಿಡಬೇಕೋ ನನಗೆ ತಿಳಿಯುವುದಿಲ್ಲ. ಎತ್ತ ನೋಡಿದರೂ ಬ್ಯಾನರು, ಬೋರ್ಡುಗಳ ಮೇಲೆ ಅದೇ ಅಕ್ಷರ. ದಪ್ಪ ಹೊಟ್ಟೆ, ಚಪ್ಪಟೆ ತಲೆ, ಹಿಂದೊಂದು ಕರಿ ನೆರಳು. ಹುಟ್ಟುಹಬ್ಬಕ್ಕೂ ಅದೇ, ಶ್ರದ್ಧಾಂಜಲಿಗೂ ಅದೇ, ಮಟನ್ ಅಂಗಡಿಗೂ ಅದೇ, ಮಠದ ಕಮಾನಿಗೂ ಅದೇ. ಮಂದಿ ಅದರ ಕೆಳಗೆ ನಿಂತು ಚಹಾ ಕುಡಿಯುತ್ತಾರೆ, ಮಾತಾಡುತ್ತಾರೆ, ಹೋಗುತ್ತಾರೆ. ಯಾರಿಗೂ ಏನೂ ಅನ್ನಿಸುವುದಿಲ್ಲ. ನನಗೆ ಮಾತ್ರ ಹೊಟ್ಟೆ ಉರಿಯುತ್ತದೆ. ಉರಿಯಲಿ ಬಿಡಿ. ಈ ದರಿದ್ರ ಅಕ್ಷರವನ್ನು ಊರಿಗೆ ತಂದವರಲ್ಲಿ ನಾನೂ ಒಬ್ಬಳು.

ನಮ್ಮಪ್ಪ ಪೇಂಟರ್. ಗೋಡೆಗೆ ಸುಣ್ಣ ಹೊಡೆಯುವ ಪೇಂಟರ್ ಅಲ್ಲ, ಅಕ್ಷರ ಬರೆಯುವ ಪೇಂಟರ್. ಈ ಭೇದ ತಿಳಿಯದೆ ಯಾರಾದರೂ ಮಾತಾಡಿದರೆ ಅವನ ಮುಖ ಗಂಟಿಕ್ಕುತ್ತಿತ್ತು. ಹಿಟ್ಟಿನ ಗಿರಣಿ, ಔಷಧಿ ಅಂಗಡಿ, ಟೇಲರು, ಶಾಲೆಯ ಗೋಡೆ, ಟ್ರ್ಯಾಕ್ಟರಿನ ಹಿಂಬದಿ, ಎಲ್ಲ ಕಡೆ ಅವನದೇ ಕೈ. ಕನ್ನಡ ಬರೆಯುತ್ತಿದ್ದ, ಮರಾಠಿ ಬರೆಯುತ್ತಿದ್ದ. ಮಸೀದಿ ಗಲ್ಲಿಯವರು ಕಾಗದದ ಮೇಲೆ ಬರೆದುಕೊಟ್ಟರೆ ಉರ್ದುವನ್ನೂ ದೊಡ್ಡದು ಮಾಡಿ ಬರೆಯುತ್ತಿದ್ದ. ಉರ್ದು ಅವನಿಗೆ ಓದಲು ಬರುತ್ತಿರಲಿಲ್ಲ. ಓದಲು ಬಾರದ್ದಕ್ಕೇ ಅದು ತನ್ನ ಕೈಯಲ್ಲಿ ಅಷ್ಟು ಚಂದ ಬರುತ್ತದೆ ಎಂದು ಹೇಳುತ್ತಿದ್ದ. ಆ ಮಾತು ಕೇಳಿ ನಾವು ನಗುತ್ತಿದ್ದೆವು.

ಒಂದು ಅಂಗಡಿಗೆ ಬರೆದ ಅಕ್ಷರವನ್ನು ಇನ್ನೊಂದಕ್ಕೆ ಬರೆಯುತ್ತಿರಲಿಲ್ಲ. ಟೇಲರನ ಬೋರ್ಡಿನಲ್ಲಿ ಒತ್ತುಗಳು ನೂಲಿನ ಹಾಗೆ ಸಣ್ಣಗೆ ಇಳಿಯುತ್ತಿದ್ದವು. ಗಿರಣಿಯ ಬೋರ್ಡಿನಲ್ಲಿ ಅದೇ ಒತ್ತುಗಳು ತುಂಬಿದ ಚೀಲದ ಹಾಗೆ ಕುಳಿತಿರುತ್ತಿದ್ದವು. ಮೊದಲು ಸುಣ್ಣದ ಹಗ್ಗ ಎಳೆದು ಗೆರೆ ಬಡಿಯುವುದು, ಆಮೇಲೆ ಸೀಸದ ಕಡ್ಡಿ, ಆಮೇಲೆ ಕುಂಚ. ನೆರಳು ಬರೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದ. ಆಗ ಯಾರೂ ಮಾತಾಡಬಾರದು. ಮಾತಾಡಿದರೆ ಬೈಗುಳ.

ಬೋರ್ಡು ಮುಗಿದ ಮೇಲೆ ಒಂದು ಪದ್ಧತಿ ಇತ್ತು. ನಮ್ಮನೆಯ ಮುಂದಿನ ಕಟ್ಟೆಗೆ ಅದನ್ನು ಆನಿಸಿ ಇಟ್ಟು, ಅವ್ವನನ್ನು ಕರೆಯುತ್ತಿದ್ದ. ಅವ್ವ ಒಲೆಯ ಮುಂದಿನಿಂದ ಎದ್ದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಹತ್ತು ಹೆಜ್ಜೆ ದೂರ ನಿಂತು ನೋಡುತ್ತಿದ್ದಳು. ಮೂರನೇದು ಎಡಕ್ಕೆ ಬಿದ್ದಿದೆ ಎನ್ನುತ್ತಿದ್ದಳು. ಕೊನೆಯದಕ್ಕೆ ಹೊಟ್ಟೆ ಜಾಸ್ತಿ ಆಯಿತು ಎನ್ನುತ್ತಿದ್ದಳು. ಅಪ್ಪ ಒಂದು ಮಾತು ಎದುರಾಡದೆ ಸೀಮೆಎಣ್ಣೆಯ ಚಿಂದಿಯಿಂದ ಅಷ್ಟನ್ನು ಒರೆಸಿ ಮತ್ತೆ ಬರೆಯುತ್ತಿದ್ದ. ಅವ್ವ ತಲೆ ಅಲ್ಲಾಡಿಸದ ಬೋರ್ಡು ನಮ್ಮ ಮನೆಯಿಂದ ಹೊರಗೆ ಹೋದದ್ದಿಲ್ಲ. ಪೇಂಟರನಿಗಿಂತ ಪೇಂಟರನ ಹೆಂಡತಿಯ ಕಣ್ಣು ಚೊಕ್ಕ ಎಂದು ಪೇಟೆಯಲ್ಲಿ ಹೆಸರಾಗಿತ್ತು. ಆ ಹೆಸರು ಅವ್ವನಿಗೆ ಬಹಳ ಪ್ರೀತಿಯದು. ಪೇಟೆಗೆ ಹೋಗುವಾಗ ಅವಳು ತಲೆ ಎತ್ತಿ ಬೋರ್ಡುಗಳನ್ನು ನೋಡುತ್ತ, ಅಲ್ಲಲ್ಲಿ ನಿಂತು, ನೋಡುತ್ತ ಹೋಗುವುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಬಸ್ಸಿನ ಬೋರ್ಡುಗಳೂ ಅಪ್ಪನವೇ. ಬಸ್ಸಿನ ಮುಂದಿನ ಗಾಜಿನ ಕೆಳಗೆ ಸಿಕ್ಕಿಸುವ ತಗಡಿನ ಬೋರ್ಡುಗಳು, ಒಂದೊಂದು ಊರಿಗೆ ಒಂದೊಂದು. ನಾನು ಸಣ್ಣವಳಿದ್ದಾಗ ಅವನ್ನು ಮೊದಲ ಸಲ ನಮ್ಮ ಮನೆಯ ಕಟ್ಟೆಯ ಮೇಲೆಯೇ ಬರೆದದ್ದು. ಊರಿನ ಹೆಸರು ನಡುವೆ, ನಾಲ್ಕು ಮೂಲೆಗೆ ಒಂದೊಂದು ಸಣ್ಣ ಚಿತ್ರ. ಅಡವಿಯ ಕಡೆಯ ಗುಂಜಿ ಊರಿಗೆ ಹಸಿರು ನೆಲದ ಮೇಲೆ ಸಾಗುವಾನಿಯ ಎಲೆ. ಪಾರಿಶ್ವಾಡಕ್ಕೆ ಹಳದಿ ನೆಲದ ಮೇಲೆ ಜೋಳದ ತೆನೆ. ಪಾರಿಶ್ವಾಡ ಅವ್ವನ ತವರು. ನಮ್ಮೂರಿಗೆ ತೆನಿ ಬರೀರಿ ಎಂದು ಅವಳೇ ಹೇಳಿದ್ದಳಂತೆ. ಅಲ್ಲಿಂದ ಮುಂದೆ ಪ್ರತಿ ವರ್ಷ ದಸರೆಗೆ ಮುಂಚೆ ಎರಡು ದಿನ ಅಪ್ಪ ಡಬ್ಬಿ ಕುಂಚ ಹಿಡಿದು ನಿಲ್ದಾಣಕ್ಕೆ ಹೋಗಿ, ಮಾಸಿದ ಬೋರ್ಡುಗಳಿಗೆ ಮತ್ತೆ ಬಣ್ಣ ಕೊಟ್ಟು ಬರುತ್ತಿದ್ದ.

ನಾನು ಪಿಯುಸಿ ಆದ ಮೇಲೆ ಬೆಳಗಾವಿಯಲ್ಲಿ ಕಂಪ್ಯೂಟರ್ ಕಲಿತೆ. ಕಲಿತ ಮೇಲೆ ಅಲ್ಲೇ ಒಂದು ಗಲ್ಲಿಯ ಡಿಟಿಪಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಖಾನಾಪುರದಿಂದ ಪ್ಯಾಸೆಂಜರ್ ರೈಲು, ಸಂಜೆ ಮತ್ತೆ ರೈಲು. ಮಾಲೀಕರು ಮುಸಲ್ಮಾನರು, ಮನೆಯಲ್ಲಿ ದಖನಿ, ಅಂಗಡಿಯಲ್ಲಿ ಕನ್ನಡ ಮರಾಠಿ ಎರಡೂ. ಮೆತ್ತಗಿನ ಮನುಷ್ಯ. ಕೆಲಸದಲ್ಲಿ ಮಾತ್ರ ಕಟ್ಟುನಿಟ್ಟು. ಗಿರಾಕಿಗೆ ಪ್ರೂಫ್ ತೋರಿಸಿ ಸಹಿ ತೆಗೆದುಕೊಳ್ಳದೆ ಒಂದು ಹಾಳೆಯೂ ಅಚ್ಚಿಗೆ ಹೋಗಬಾರದು ಎನ್ನುವುದು ಅವರ ಮೊದಲ ಪಾಠ.

ಕಂಪ್ಯೂಟರಿನಲ್ಲಿ ಕನ್ನಡದ ಅಕ್ಷರಗಳು ಹತ್ತಾರು ಬಗೆಯವು ಇದ್ದವು. ನಾವು ಬಳಸುತ್ತಿದ್ದದ್ದು ಎರಡೇ. ಒಂದು ತೆಳ್ಳಗಿನದು, ಕಾರ್ಡಿನ ಒಳಗೆ. ಇನ್ನೊಂದು ಆ ದಪ್ಪ ಹೊಟ್ಟೆಯದು, ಉಳಿದ ಎಲ್ಲದಕ್ಕೂ. ಜಾಗ ಹೆಚ್ಚಾದರೆ ಮೌಸಿನಿಂದ ಹಿಡಿದು ಅಗಲಕ್ಕೆ ಎಳೆಯುವುದು, ಕಡಿಮೆಯಾದರೆ ಒತ್ತಿ ಉದ್ದ ಮಾಡುವುದು. ಅಪ್ಪ ಒಂದು ದಿನ ಕೋಟೆಯ ಹತ್ತಿರ ಯಾವುದೋ ಗೋಡೆಯ ಕೆಲಸಕ್ಕೆ ಬಂದವನು ನಮ್ಮ ಅಂಗಡಿಗೂ ಬಂದ. ನಾನು ಹಿಗ್ಗಿನಿಂದ ಅವನ ಮುಂದೆ ಒಂದು ಅಕ್ಷರ ಹಿಡಿದು ಎಳೆದು ತೋರಿಸಿದೆ. ಅವನು ಸ್ವಲ್ಪ ಹೊತ್ತು ನೋಡಿ, ಅಕ್ಷರ ಅಂದ್ರ ರಬ್ಬರ್ ಅಲ್ಲ ಮಗಳ ಎಂದ. ಅಷ್ಟೇ. ನನಗೆ ಸಿಟ್ಟು ಬಂತು. ಮಾಲೀಕರ ಎದುರಿಗೆ ಮಾನ ಕಳೆದ ಎಂದುಕೊಂಡೆ. ಮನೆಗೆ ಬಂದು, ನಿನ್ನ ಅಕ್ಷರ ಒಂದು ಇದ್ದ ಹಾಗೆ ಇನ್ನೊಂದಿಲ್ಲ, ನೋಡಿದವರು ನಗುತ್ತಾರೆ, ಈಗಿನ ಕಾಲಕ್ಕೆ ಎಲ್ಲ ಒಂದೇ ಅಳತೆಯಲ್ಲಿರಬೇಕು ಎಂದು ದೊಡ್ಡ ಭಾಷಣ ಮಾಡಿದೆ. ಇಪ್ಪತ್ತೆರಡು ವರ್ಷದ ಹುಡುಗಿಯ ಬಾಯಿ ಅದು, ಯಾರು ಹಿಡಿಯಬೇಕು?

ಆ ವರ್ಷವೇ ಒಂದು ತಂಪುಪಾನೀಯದ ಕಂಪನಿಯವರು ಖಾನಾಪುರದ ಪೇಟೆಗೆಲ್ಲ ಪುಕ್ಕಟೆ ಬೋರ್ಡು ಮಾಡಿಸಿಕೊಡುತ್ತೇವೆ ಎಂದರು. ಬೋರ್ಡಿನ ಮುಕ್ಕಾಲು ಭಾಗ ಅವರ ಬಾಟಲಿ, ಮೂಲೆಯಲ್ಲಿ ಅಂಗಡಿಯ ಹೆಸರು. ಕೆಲಸ ನಮ್ಮಲ್ಲಿಗೆ ಬಂತು, ನಮ್ಮೂರಿನ ಹುಡುಗಿ ಎಂದು ಮಾಲೀಕರು ನನ್ನ ಮೇಲೇ ಹಾಕಿದರು. ನಾನೇ ಅಂಗಡಿ ಅಂಗಡಿಗೆ ಹೋಗಿ ಹೆಸರು ಬರೆದುಕೊಂಡು ಬಂದೆ. ನಿಮ್ಮಪ್ಪನ ಬೋರ್ಡು ಇನ್ನೂ ಗಟ್ಟಿಯಾಗಿದೆಯಲ್ಲ ಎಂದು ಗಿರಣಿಯವನು ಅನುಮಾನ ಮಾಡಿದಾಗ, ಹಳೆಯದಾಯಿತು ಕಾಕಾ, ತೆಗೀರಿ ಎಂದವಳು ನಾನೇ. ಒಂದು ತಿಂಗಳಲ್ಲಿ ಇಡೀ ಸಾಲು ಕೆಂಪಗಾಯಿತು, ಟೇಲರನೂ ಗಿರಣಿಯೂ ಔಷಧಿ ಅಂಗಡಿಯೂ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ. ಅಪ್ಪನ ಹಳೆಯ ಬೋರ್ಡುಗಳನ್ನು ಕೆಲವರು ದನದ ಕೊಟ್ಟಿಗೆಗೆ ಮರೆ ಮಾಡಲು ಒಯ್ದರು.

ಅವ್ವ ಆಗಿನಿಂದ ಪೇಟೆಗೆ ಹೋಗುವುದನ್ನು ಕಡಿಮೆ ಮಾಡಿದಳು. ನೀನೇ ಬರುವಾಗ ತಂದುಬಿಡು ಎನ್ನಲು ಶುರು ಮಾಡಿದಳು. ಒಂದು ದಿನ ಕಾಲುನೋವಿಗೆ ದವಾಖಾನೆಗೆ ಹೋದವಳು ಡಾಕ್ಟರ್ ಇರಲಿಲ್ಲ ಎಂದು ವಾಪಸು ಬಂದಳು. ಆ ದವಾಖಾನೆ ಹಿಂದಿನ ತಿಂಗಳು ಬಾಜೂ ಗಲ್ಲಿಯ ಹೊಸ ಕಟ್ಟಡಕ್ಕೆ ಹೋಗಿತ್ತು, ಹೊರಗೆ ಇಷ್ಟುದ್ದದ ಬೋರ್ಡು ನಾನೇ ಮಾಡಿಕೊಟ್ಟಿದ್ದೆ. ಡಾಕ್ಟರ್ ಅಲ್ಲೇ ಇದ್ದರಂತೆ ಎಂದು ನಾನು ಸಂಜೆ ಕೇಳಿಕೊಂಡು ಬಂದು ಅವಳ ಮೇಲೆ ರೇಗಿದೆ. ಸೋಮಾರಿತನ ಬಂತು ನಿನಗೆ ಎಂದೆ. ಅವ್ವ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಳು.

ದಸರೆ ಹತ್ತಿರ ಬಂದಾಗ ಬಸ್ಸಿನ ಬೋರ್ಡುಗಳ ಕೆಲಸವೂ ನಮ್ಮ ಅಂಗಡಿಗೆ ಬಂತು. ಇನ್ನು ಮುಂದೆ ಕೈಬರಹ ಬೇಡ, ಸ್ಟಿಕರ್ ಇರಲಿ ಎಂದು ತೀರ್ಮಾನವಾಗಿತ್ತು. ಈ ಸುದ್ದಿ ನಾನು ಅಪ್ಪನಿಗೆ ಹೇಳಿದೆ. ಅವನು, ನಿಮ್ಮವ್ವಗ ಹೇಳಬ್ಯಾಡ ಎಂದ. ಪೇಟೆಯ ಬೋರ್ಡು ಹೋದದ್ದೇ ಅವನಿಗೆ ಸಾಕಾಗಿತ್ತು. ಇದೂ ಹೋಯಿತು ಎಂದು ಹೆಂಡತಿಯ ಮುಂದೆ ಹೇಳಿಕೊಳ್ಳುವ ಧೈರ್ಯ ಇರಲಿಲ್ಲ. ಆ ವರ್ಷವೂ ಎರಡು ದಿನ ಡಬ್ಬಿ ಕುಂಚ ಹಿಡಿದು ಮನೆಯಿಂದ ಹೋದ. ಎಲ್ಲಿ ಕುಳಿತು ಹೊತ್ತು ಕಳೆದನೋ ನಾನು ಕೇಳಲಿಲ್ಲ. ಅವ್ವ ಬುತ್ತಿ ಕಟ್ಟಿಕೊಟ್ಟಳು.

ತಗಡಿನ ಬೋರ್ಡುಗಳು ಗೋಣಿಚೀಲದಲ್ಲಿ ಬೆಳಗಾವಿಗೆ ಬಂದವು. ಮಾಲೀಕರು ನನ್ನನ್ನು ಕರೆದು, ಹಳೆಯ ಬಣ್ಣ ಪೂರ್ತಿ ಕೆರೆದು, ಬಿಳಿ ಬಣ್ಣ ಹೊಡೆಸಿ, ಒಣಗಿದ ಮೇಲೆ ಸ್ಟಿಕರ್ ಅಂಟಿಸಬೇಕು ಎಂದು ಹೇಳಿ ಹೋದರು. ನಾನು ಒಂದು ಬೋರ್ಡು ಕೆರೆದು ನೋಡಿದೆ. ಅಪ್ಪನ ಬಣ್ಣ ಹತ್ತು ವರ್ಷದ ಪದರ, ಕಲ್ಲಿನ ಹಾಗೆ ಕೂತಿತ್ತು. ಉಗುರು ಕಿತ್ತು ಬಂತು. ರೈಲಿನ ಹೊತ್ತಾಗಿತ್ತು. ಸ್ಟಿಕರಿನ ಪಟ್ಟಿ ನಡುವಿನ ಹೆಸರನ್ನು ಹೇಗೂ ಮುಚ್ಚುತ್ತದೆ, ಅಂಚಿನ ಬಣ್ಣ, ಮೂಲೆಯ ಎಲೆ, ಹೂವು ಕಂಡರೆ ಏನಾಯಿತು, ಚಂದವೇ ಅಲ್ಲವೇ ಎಂದುಕೊಂಡು ಹಾಗೇ ಅಂಟಿಸಿದೆ. ಯಾವ ತಗಡು ಕೈಗೆ ಬಂತೋ ಅದರ ಮೇಲೆ ಯಾವ ಊರಿನ ಪಟ್ಟಿ ಕೈಗೆ ಬಂತೋ ಅದು. ಹೆಸರು ಒಂದೂ ತಪ್ಪಿರಲಿಲ್ಲ. ಬೆಳಿಗ್ಗೆ ಮಾಲೀಕರು ನೋಡುವುದರೊಳಗೆ ಚೀಲ ಕಟ್ಟಿ ಕಳಿಸಿಬಿಟ್ಟಿದ್ದೆ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಪಾರಿಶ್ವಾಡದಲ್ಲಿ ಅಜ್ಜಿ ತೀರಿಕೊಂಡಳು. ಅವ್ವನ ಅವ್ವ. ಬೆಳಿಗ್ಗೆ ಒಂಬತ್ತಕ್ಕೆ ಜೀವ ಹೋಯಿತಂತೆ. ಮಾಮಾ ಪಕ್ಕದ ಮನೆಯವರ ಫೋನಿಗೆ ಸುದ್ದಿ ಕೊಟ್ಟ. ಅಪ್ಪ ಹಳ್ಳಿಯೊಂದರಲ್ಲಿ ಗೋಡೆ ಬರೆಯಲು ಹೋಗಿದ್ದ, ನಾನು ಬೆಳಗಾವಿಯಲ್ಲಿದ್ದೆ. ಅವ್ವ ಒಬ್ಬಳೇ ಹೊರಟಳು. ನನಗೆ ಅಂಗಡಿಗೆ ಫೋನ್ ಬಂದು, ನಾನು ಅಲ್ಲಿಂದಲೇ ಬಸ್ಸು ಹಿಡಿದು ಮಧ್ಯಾಹ್ನದ ಹೊತ್ತಿಗೆ ಪಾರಿಶ್ವಾಡ ಮುಟ್ಟಿದೆ. ಅಪ್ಪನೂ ಯಾರದೋ ಮೋಟಾರ್ ಸೈಕಲ್ ಮೇಲೆ ಬಂದ. ಅವ್ವ ಬಂದಿರಲಿಲ್ಲ.

ಎಲ್ಲರಿಗಿಂತ ಸಮೀಪ ಇದ್ದವಳು ಅವಳೇ. ನಮ್ಮ ಪದ್ಧತಿಯ ಹಾಗೆ ಅಜ್ಜಿಯನ್ನು ಕಟ್ಟೆಯ ಮೇಲೆ ಕುಳ್ಳಿರಿಸಿ ಮಂದಿ ದಾರಿ ಕಾಯ್ದರು. ಹನ್ನೆರಡರ ಬಸ್ಸು ಬಂತು, ಎರಡರ ಬಸ್ಸು ಬಂತು. ಮಾಮಾ ರಸ್ತೆಗೂ ಮನೆಗೂ ತಿರುಗಿದ. ಹೊತ್ತು ಇಳಿಯತೊಡಗಿದಾಗ ಹಿರಿಯರು ಇನ್ನು ಇಡುವುದು ಬೇಡ ಎಂದರು, ಎತ್ತಿದರು. ನಾವು ಮಣ್ಣು ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದಾಗ ಅವ್ವ ಬಂದಳು. ಕಾಲಿನಲ್ಲಿ ಚಪ್ಪಲಿ ಇರಲಿಲ್ಲ, ಸೀರೆಯ ಅಂಚಿಗೆಲ್ಲ ಕೆಂಪು ಧೂಳು. ಬಾಗಿಲಲ್ಲಿ ನಿಂತು ಖಾಲಿ ಕಟ್ಟೆಯನ್ನು ನೋಡಿದಳು, ಅಲ್ಲೇ ಕುಸಿದು ಕುಳಿತಳು.

ಮಾಮಾ ಅಳುತ್ತಲೇ, ಇಷ್ಟ ಸನೇದಾಗ ಇದ್ದಾಕಿ ನೀನ ತಡಾ ಮಾಡಿದಿಯಲ್ಲ ಅಕ್ಕಾ ಎಂದ. ಅವ್ವ, ಬಸ್ ಕೆಟ್ಟ ನಿಂತಿತ್ತು ಎಂದಳು. ಬಸ್ಸೇನೂ ಕೆಟ್ಟಿರಲಿಲ್ಲ ಎಂದು ಖಾನಾಪುರದಿಂದ ಅದೇ ಬಸ್ಸಿನಲ್ಲಿ ಬಂದ ಇಬ್ಬರು ಹೇಳಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೇಟೆಯವಳಾದಳು, ಅಲಂಕಾರ ಮಾಡಿಕೊಂಡು ಹೊರಟಿರಬೇಕು ಎಂದು ಯಾರೋ ಮೆಲ್ಲಗೆ ಅಂದದ್ದು ನನ್ನ ಕಿವಿಗೇ ಬಿತ್ತು. ನಾನಾದರೂ ಅವಳ ಕೈ ಹಿಡಿಯಬೇಕಿತ್ತು. ಅದರ ಬದಲು, ಮಂದಿಯ ಎದುರಿಗೇ, ಸುಳ್ಳು ಯಾಕ ಹೇಳ್ತಿ ಅವ್ವಾ ಎಂದೆ.

ಹನ್ನೊಂದನೆಯ ದಿನಕ್ಕೆ ಮಂದಿಯನ್ನು ಕರೆಯುವ ಕಾರ್ಡು ಮಾಡುವ ಕೆಲಸ ನನ್ನ ಮೇಲೆ ಬಂತು. ಕಂಪ್ಯೂಟರಿನ ಹುಡುಗಿ ಮನೆಯಲ್ಲೇ ಇರುವಾಗ ಬೇರೆ ಕಡೆ ಯಾಕೆ? ನಾನು ಅದೇ ದಪ್ಪ ಅಕ್ಷರದಲ್ಲಿ ಅಜ್ಜಿಯ ಹೆಸರು ಹಾಕಿ ಪ್ರೂಫ್ ತೆಗೆದು ಖಾನಾಪುರಕ್ಕೆ ತಂದೆ. ಸಂಬಂಧಿಕರ ಹೆಸರುಗಳ ಸಾಲು ಉದ್ದವಿತ್ತು, ಯಾರ ಹೆಸರು ಬಿಟ್ಟರೂ ಜಗಳ. ಅಂಗಡಿಯ ಅಭ್ಯಾಸದಂತೆ ಪೆನ್ನು ಸಮೇತ ಅವ್ವನ ಮುಂದಿಟ್ಟು, ಎಲ್ಲಾ ಬರೋಬರಿ ಐತೇನ ನೋಡು ಎಂದೆ.

ಅವಳು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಇದರಾಗ ನಮ್ಮವ್ವನ ಹೆಸರ ಎಲ್ಲೈತಿ ತೋರಸು."

ನಾನು ನಕ್ಕೆ. ಎಲ್ಲಕ್ಕಿಂತ ದೊಡ್ಡದಾಗಿ ನಡುವೆಯೇ ಇದೆಯಲ್ಲ, ಕಾಣುವುದಿಲ್ಲವೇ, ಕನ್ನಡಕ ಮಾಡಿಸಬೇಕು ನಿನಗೆ ಎಂದೆ. ಅವಳು ನಗಲಿಲ್ಲ. ಹಾಳೆಯ ಮೇಲೆ ಬೆರಳಿಟ್ಟು, ಇದಾ ಎಂದಳು. ಅವಳ ಬೆರಳಿದ್ದದ್ದು ಸ್ಥಳ ಎಂಬ ಪದದ ಮೇಲೆ. ಇಪ್ಪತ್ತೆರಡು ವರ್ಷ ಅದೇ ಮನೆಯಲ್ಲಿ ಬೆಳೆದವಳು ನಾನು. ಅವ್ವನಿಗೆ ಓದಲು ಬರುವುದಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲ.

ಆಗ ಅವಳು ಎಲ್ಲವನ್ನೂ ಹೇಳಿದಳು, ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು, ನನ್ನ ಮುಖ ನೋಡದೆ. ಆ ದಿನ ನಿಲ್ದಾಣದಲ್ಲಿ ಹಳದಿ ಬೋರ್ಡಿನ ಬಸ್ಸು ನಿಂತಿತ್ತು. ಅಕ್ಷರ ಬೇರೆ ಥರ ಕಂಡವು, ಅಪ್ಪ ದಸರೆಗೆ ಹೊಸ ಬಣ್ಣ ಕೊಟ್ಟಿದ್ದಾನೆ ಎಂದುಕೊಂಡಳು. ಮೂಲೆಯಲ್ಲಿ ತೆನೆ ಇತ್ತು. ಹತ್ತಿ ಕುಳಿತಳು. ಸೆರಗು ಮುಖಕ್ಕೆ ಹಿಡಿದು ಅಳುತ್ತ ಕುಳಿತವಳು ಹೊರಗೆ ನೋಡಲಿಲ್ಲ. ಬಸ್ಸಿನಲ್ಲಿ ಗದ್ದಲ, ಕಂಡಕ್ಟರ್ ಟಿಕೇಟು ಕೊಡುತ್ತ ಅವಳ ಹತ್ತಿರ ಬರುವ ಹೊತ್ತಿಗೆ ಎಷ್ಟೋ ದಾರಿ ಆಗಿತ್ತು. ಪಾರಿಶ್ವಾಡ ಎಂದಳು. ಇದು ಗುಂಜಿ ಬಸ್ಸು ಎಂದ. ತಲೆ ಎತ್ತಿ ನೋಡಿದರೆ ಎರಡೂ ಕಡೆ ಅಡವಿ. ಅಲ್ಲೇ ಇಳಿಸಿದರು. ತಿರುಗಿ ಹೋಗುವ ಗಾಡಿ ಒಂದೂ ಸಿಗಲಿಲ್ಲ. ಬಿಸಿಲಿನಲ್ಲಿ ನಡೆದಳು. ದಾರಿಯಲ್ಲಿ ಚಪ್ಪಲಿ ಹರಿಯಿತು. ಖಾನಾಪುರ ಮುಟ್ಟಿ, ಕಂಡಕ್ಟರ್ ಪಾರಿಶ್ವಾಡ ಎಂದು ಕೂಗಿದ ಬಸ್ಸು ಹತ್ತಿದಳು.

ಹತ್ತುವ ಮುಂಚೆ ಒಂದು ಮಾತು ಕೇಳಬಾರದಿತ್ತೇ ಎಂದೆ. ಬುಟ್ಟಿ ಹೊತ್ತು ಬರುವ ಹೆಂಗಸರೆಲ್ಲ ಕೇಳಿಯೇ ಹತ್ತುತ್ತಾರೆ, ಅದರಲ್ಲಿ ಏನಿದೆ?

"ಪೇಂಟರನ ಹೆಣತಿ ಬೋರ್ಡ ಮುಂದ ನಿಂತು ಯಾವೂರ ಬಸ್ ಅಂತ ಕೇಳಲ್ಯಾ? ಅಲ್ಲಿ ಎಲ್ಲಾರೂ ನನ್ನ ಬಲ್ಲವರು."

ಅವಳು ಮುಂದುವರಿಸಿದಳು. ಮದುವೆಯಾಗಿ ಬಂದ ಹೊಸದರಲ್ಲಿ, ನನಗೂ ನಾಲ್ಕು ಅಕ್ಷರ ಕಲಿಸಿರಿ ಎಂದು ಅಪ್ಪನಿಗೆ ಹೇಳಿದ್ದಳಂತೆ. ಒಂದಲ್ಲ, ಎರಡು ಮೂರು ಸಲ. ಅವನು ಬೇಡ ಎಂದಿದ್ದನಂತೆ.

"ಓದಾಕ ಕಲತ್ರ ನಿನ್ನ ಕಣ್ಣ ಕೆಡತೈತಿ ಅಂದಾ. ಓದೂ ಮಂದಿಗೆ ಹೆಸರ ಕಾಣತೈತಿ, ಅಕ್ಷರ ಕಾಣೂದಿಲ್ಲ ಅಂದಾ. ಹೌದ ಇರಬೇಕು ಅಂತ ಸುಮ್ನಾದೆ. ಊರ ತುಂಬಾ ಗುರತ ಬರದ ಇಟ್ಟೇನಿ, ನಿನಗ ಯಾಕ ಬೇಕು ಅಂದಾ. ಕಡೀಕ ಆ ಗುರತರ ನೆಟ್ಟಗ ಇಡಬೇಕಿಲ್ಲ? ನಮ್ಮವ್ವನ ಮಾರಿ ತಪ್ಪಿಸಿದ ನನಗ."

ಅವಳ ಲೆಕ್ಕದಲ್ಲಿ ದಸರೆಗೆ ಬೋರ್ಡಿಗೆ ಬಣ್ಣ ಕೊಟ್ಟವನು ಅಪ್ಪನೇ. ಎರಡು ದಿನ ಬುತ್ತಿ ಕಟ್ಟಿಕೊಟ್ಟಿದ್ದಳಲ್ಲ. ಅಪ್ಪ ಮೈಮರೆತು ತೆನೆಯ ತಗಡಿನ ಮೇಲೆ ಗುಂಜಿ ಎಂದು ಬರೆದಿದ್ದಾನೆ ಎಂದು ಅವಳು ತಿಳಿದಿದ್ದಳು. ನಾನು ಎದ್ದು ನಿಲ್ದಾಣಕ್ಕೆ ಹೋದೆ. ಗುಂಜಿ ಬಸ್ಸು ಬರುವವರೆಗೆ ಕಾದೆ. ಬಂತು. ಹಳದಿ ತಗಡು, ನಾಲ್ಕು ಮೂಲೆಗೆ ನಾಲ್ಕು ತೆನೆ, ನಡುವೆ ನನ್ನ ದಪ್ಪ ಅಕ್ಷರ. ಪಟ್ಟಿ ಅಂಟಿಸುವಾಗ ಒಳಗೆ ಉಳಿದ ಗಾಳಿಯ ಗುಳ್ಳೆ ಕೂಡ ಹಾಗೇ ಇತ್ತು. ಆ ಗುಳ್ಳೆಯನ್ನು ಹೆಬ್ಬೆರಳಿನಿಂದ ಒತ್ತಿ, ಇರಲಿ ಬಿಡು ಎಂದುಕೊಂಡದ್ದು ನನಗೆ ಚೆನ್ನಾಗಿ ನೆನಪಿತ್ತು.

ಮನೆಗೆ ಬಂದು ನಾನು ಮಾಡಿದ್ದು ಏನು ಗೊತ್ತೇ? ಅಪ್ಪನ ಮೇಲೆ ಹರಿಹಾಯ್ದೆ. ಯಾಕೆ ಓದು ಕಲಿಸಲಿಲ್ಲ ಅವಳಿಗೆ ಎಂದು ಕೇಳಿದೆ. ನಿನ್ನ ಬೋರ್ಡು ಚಂದ ಆಗಲಿ ಎಂದು ಒಂದು ಜೀವವನ್ನು ಕುರುಡು ಮಾಡಿ ಇಟ್ಟುಕೊಂಡೆಯಲ್ಲ ಎಂದೆ. ಮಾತು ಖರೇ ಇತ್ತು. ಅದಕ್ಕೇ ಅಪ್ಪ ತಲೆ ತಗ್ಗಿಸಿದ. ಆಕಿ ಕಣ್ಣ ಇಲ್ಲದ ನನ್ನ ಕೈ ಏನೂ ಅಲ್ಲ, ಅದಕ್ಕ ಅಂಜಿದೆ ಎಂದ. ತೆನೆಯ ಬೋರ್ಡಿನ ವಿಷಯ ನಾನು ಎತ್ತಲಿಲ್ಲ. ಎತ್ತಿದ್ದು ಅವ್ವ. ಎಲ್ಲ ಕೇಳಿದ ಮೇಲೆ ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಒಂದು ಗಂಟೆ ಬಿಟ್ಟು ಬಂದ. ಗುಂಜಿ ಬಸ್ಸಿನ ಬೋರ್ಡು ನೋಡಿ ಬಂದಿದ್ದ. ಕುಂಚದ ಗೆರೆ ಯಾವುದು, ಸ್ಟಿಕರ್ ಯಾವುದು ಎಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಯಾರ ಅಂಗಡಿಯದು ಎನ್ನುವುದೂ ಗೊತ್ತಿತ್ತು. ಹಿತ್ತಲಲ್ಲಿ ಕೈ ತೊಳೆದು ಬಂದು ನನ್ನನ್ನು ಒಂದು ಸಲ ನೋಡಿದ. ಆಮೇಲೆ ಅವ್ವನ ಕಡೆ ತಿರುಗಿ, "ನನ್ನಿಂದ ತಪ್ಪಾತು" ಎಂದ.

ನಾನು ಅಲ್ಲೇ ನಿಂತಿದ್ದೆ. ಬಾಯಿ ತೆರೆದರೆ ಮುಗಿದುಹೋಗುತ್ತಿತ್ತು. ತೆರೆಯಲಿಲ್ಲ. ಬೋರ್ಡಿನ ಕೆಲಸ ಹೋದದ್ದನ್ನು ಅವ್ವನಿಗೆ ಹೇಳಬೇಡ ಎಂದವನು ಅವನೇ ಅಲ್ಲವೇ ಎಂದು ಒಳಗೊಳಗೇ ನೆಪ ಹುಡುಕಿದೆ. ಅವನ ತಪ್ಪು ನನ್ನದಕ್ಕಿಂತ ದೊಡ್ಡದು ಎಂದು ತೂಗಿ ನೋಡಿದೆ. ಹೇಡಿಗಳಿಗೆ ನೆಪ ಬಹಳ ಬೇಗ ಸಿಗುತ್ತದೆ.

ಅಂದಿನಿಂದ ಅವ್ವ ಅಪ್ಪನ ಬೋರ್ಡು ನೋಡುವುದನ್ನು ಬಿಟ್ಟಳು. ಉಳಿದಿದ್ದ ಒಂದೆರಡು ಕೆಲಸ, ಒಂದು ಗುಡಿಯ ಗೋಡೆ, ಒಬ್ಬ ಹಳೆಯ ಗಿರಾಕಿಯ ಟ್ರಂಕು. ಅಪ್ಪ ಹಿಂದಿನ ಹಾಗೆಯೇ ಕಟ್ಟೆಗೆ ಆನಿಸಿ ಕರೆಯುತ್ತಿದ್ದ. ಅವಳು ಒಲೆಯ ಮುಂದಿನಿಂದ ಏಳದೆ, ನನಗೇನು ತಿಳಿಯುತ್ತದೆ, ಓದು ಬಾರದವಳು ಎನ್ನುತ್ತಿದ್ದಳು. ಎರಡು ಸಲ ಕರೆದ, ಮೂರು ಸಲ ಕರೆದ. ಆಮೇಲೆ ಕರೆಯಲಿಲ್ಲ. ಅವನ ಅಕ್ಷರಗಳು ನಿಜವಾಗಿ ಎಡಕ್ಕೆ ಬೀಳತೊಡಗಿದವು. ಒಂದು ವರ್ಷದಲ್ಲಿ ಕುಂಚಗಳನ್ನು ಸೀಮೆಎಣ್ಣೆಯ ಡಬ್ಬಿಯಲ್ಲಿ ಬಿಟ್ಟವನು ಮತ್ತೆ ತೆಗೆಯಲಿಲ್ಲ, ಕೂದಲು ಅಂಟಿ ಕಟ್ಟಿಗೆಯಾದವು. ಅವ್ವನೂ ಒಬ್ಬಳೇ ಹೊರಗೆ ಹೋಗುವುದನ್ನು ಪೂರ್ತಿ ನಿಲ್ಲಿಸಿದಳು. ತವರಿಗೆ ಹೋಗಬೇಕಾದರೆ ನನ್ನ ರಜೆ ಕಾಯುತ್ತಿದ್ದಳು. ನಾನು ಕಲಿಸುತ್ತೇನೆ ಎಂದು ಪಾಟಿ ತಂದೆ, ಅದನ್ನು ಹಿಟ್ಟಿನ ಡಬ್ಬಿಗೆ ಮುಚ್ಚಳ ಮಾಡಿಕೊಂಡಳು.

ಬಸ್ಸಿನ ಬೋರ್ಡುಗಳನ್ನು ಮುಂದಿನ ದಸರೆಗೆ ನಾನು ಪೂರ್ತಿ ಕೆರೆದೆ. ಉಗುರು ಹೋದರೆ ಹೋಗಲಿ ಎಂದು ಕೆರೆದೆ. ತೆನೆಯೂ ಹೋಯಿತು, ಎಲೆಯೂ ಹೋಯಿತು. ಎಲ್ಲ ಬಿಳಿ ತಗಡು, ಎಲ್ಲ ಒಂದೇ ಅಕ್ಷರ. ತಪ್ಪು ಮಾಡಲು ಜಾಗವೇ ಇಲ್ಲದ ಹಾಗೆ ಮಾಡಿದೆ.

ಅದಾದ ಎರಡನೇ ವರ್ಷ ಅಪ್ಪ ಹೋದ. ಜ್ವರವೆಂದು ಮಲಗಿದವನು ವಾರದಲ್ಲಿ ಮುಗಿದ. ಅಷ್ಟು ದಿನವೂ ಅವ್ವ ಗಂಜಿ ಕೊಟ್ಟಳು, ಮೈ ಒರೆಸಿದಳು, ಮಾತು ಮಾತ್ರ ಬೇಕಾದಷ್ಟೇ ಆಡಿದಳು. ಮತ್ತೆ ಹನ್ನೊಂದನೆಯ ದಿನದ ಕಾರ್ಡು. ಮತ್ತೆ ನಾನೇ. ಅಂಗಡಿಯಲ್ಲಿ ಕುಳಿತು ಹತ್ತಾರು ಬಗೆಯ ಅಕ್ಷರದಲ್ಲಿ ಅವನ ಹೆಸರು ಹಾಕಿ ನೋಡಿದೆ. ಯಾವುದರಲ್ಲೂ ಅದು ಅವನ ಹೆಸರೆನಿಸಲಿಲ್ಲ. ಕೊನೆಗೆ ಅವನೇ ಒಂದು ಹಳೆಯ ಬಿಲ್ಲಿನ ಮೇಲೆ ಬರೆದುಕೊಂಡಿದ್ದ ಹೆಸರನ್ನು ಸ್ಕ್ಯಾನ್ ಮಾಡಿ ದೊಡ್ಡದು ಮಾಡಿ ಹಾಕಿದೆ. ಕೈ ಕೆಟ್ಟ ಮೇಲಿನ ಬರಹ ಅದು.

ಪ್ರೂಫನ್ನು ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಇಟ್ಟು ಅವ್ವನನ್ನು ಕರೆದೆ. ಯಾಕೋ ಹಾಗೆ ಮಾಡಬೇಕೆನಿಸಿತು. ಅವಳು ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಹತ್ತು ಹೆಜ್ಜೆ ದೂರ ನಿಂತಳು. ನೋಡಿದಳು. ಇದು ಅವನ ಕೈ ಎಂದಳು. ಆಮೇಲೆ, ಎರಡನೇದು ಎಡಕ್ಕ ಬಿದ್ದೈತಿ ಎಂದಳು.

ಆಗ ಹೇಳಿದೆ. ತೆನೆಯ ಬೋರ್ಡಿನ ಮೇಲೆ ಗುಂಜಿ ಅಂಟಿಸಿದವಳು ನಾನು, ಅಪ್ಪ ಆ ವರ್ಷ ಬೋರ್ಡು ಮುಟ್ಟಿಯೂ ಇರಲಿಲ್ಲ, ಎಲ್ಲ ಗೊತ್ತಿದ್ದೂ ಅವನು ತಪ್ಪು ತನ್ನ ಮೇಲೆ ಹಾಕಿಕೊಂಡ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ನನ್ನ ಕಡೆ ತಿರುಗಲಿಲ್ಲ. ಬೋರ್ಡು ನೋಡುವಾಗ ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದಳು.

"ಅವ ಇದ್ದಾಗ ಹೇಳಬೇಕಿತ್ತು" ಎಂದಳು.

ಒಳಗೆ ಹೋಗಿ ಒಲೆಯ ಮುಂದೆ ಕುಳಿತಳು. ನಾನು ಹಾಳೆ ಎತ್ತಿಕೊಂಡು ರೈಲಿಗೆ ಹೋದೆ. ಎರಡನೆಯ ಅಕ್ಷರವನ್ನು ನೆಟ್ಟಗೆ ಮಾಡಲು ಕಂಪ್ಯೂಟರಿನಲ್ಲಿ ಒಂದು ಗಳಿಗೆಯ ಕೆಲಸ. ಮಾಡಲಿಲ್ಲ. ಹಾಗೇ ಅಚ್ಚಾಯಿತು, ಎಡಕ್ಕೆ ಬಿದ್ದ ಹಾಗೆಯೇ.